ಅಂಗಡಿಗೆ ಮುಟ್ಟದ ಬೆಲ್

ಕೂತು ಹೊಲಿಯುವುದೇ ಟೈಲರಕ್ಕನ ಕಸುಬು. ಆದರೆ ಗಂಡನಿಗೆ ಲಕ್ವ ಹೊಡೆದ ಮೇಲೆ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮನೆ ಎರಡನೇ ಮಹಡಿಯಲ್ಲಿ, ಅಂಗಡಿ ಓಣಿಯ ಆಚೆ ಬದಿಗೆ. ಒಂದು ತೋಳು ಕೂಡಿಸುವಷ್ಟರಲ್ಲಿ ಜೀವ ಮೇಲಕ್ಕೆಳೆಯುತ್ತಿತ್ತು. ಹತ್ತಿ ಹೋದರೆ ಆತ ಕಿಟಕಿಯಾಚೆ ನೋಡುತ್ತಾ ಆರಾಮವಾಗಿರುತ್ತಿದ್ದ. ಬಸ್ಸು ಓಡಿಸಿಕೊಂಡಿದ್ದವನಿಗೆ ಈಗ ಬಲಗೈ ಬಲಗಾಲು ಸೋತು ಮಾತು ತೊದಲುತ್ತಿತ್ತು, ಸಿಡುಕು ಮಾತ್ರ ಹಾಗೇ ಉಳಿದಿತ್ತು.

ಅವಳ ಪರದಾಟ ನೋಡಲಾರದೆ ತಮ್ಮ ಒಂದು ವೈರ್‌ಲೆಸ್ ಬೆಲ್ ತಂದುಕೊಟ್ಟ. ಒತ್ತುವ ಗುಂಡಿ ಗಂಡನ ಕೊರಳಿಗೆ, ಕೂಗುವ ಡಬ್ಬಿ ಹೊಲಿಗೆ ಮೆಷಿನ್ನಿನ ಪಕ್ಕಕ್ಕೆ. ನೀರಿಗೊಮ್ಮೆ, ಫ್ಯಾನಿಗೊಮ್ಮೆ ಅದು ಕೂಗಿ ಕೂಗಿ ತಲೆ ಚಿಟ್ಟು ಹಿಡಿಸಿತು. ಹಾರ್ನ್ ಕೈಗೆ ಸಿಕ್ಕಿದೆ, ಇನ್ನು ಬಿಡುತ್ತಾರೆಯೇ ಎಂದು ಗಿರಾಕಿಗಳ ಮುಂದೆ ನಕ್ಕಳು.

ಒಂದು ಮಧ್ಯಾಹ್ನ ಡಬ್ಬಿ ಉಸಿರೇ ಎತ್ತಲಿಲ್ಲ. ನಿದ್ದೆ ಹೋಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ದಾರ ಕಡಿಯಿತು, ಕಾಲರು ಉಲ್ಟಾ ಆಯಿತು. ಅಳತೆ ಕೊಡಲು ಬಂದವಳನ್ನು ಅಲ್ಲೇ ನಿಲ್ಲಿಸಿ ಮೆಟ್ಟಿಲು ಹತ್ತಿದಳು.

ಆತ ಒಳಕೋಣೆಯಲ್ಲಿ, ಕಬ್ಬಿಣದ ಬೀರುವಿಗೂ ಗೋಡೆಗೂ ನಡುವೆ ಬಿದ್ದಿದ್ದ. ತಾನೇ ಅಂಗಿ ತೆಗೆದುಕೊಳ್ಳಲು ಹೋಗಿ ಜಾರಿದ್ದ. ಎಡಗೈ ಹೆಬ್ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು.

“ಒತ್ತಿದೆ... ಒತ್ತಿದೆ... ನೀನು ಬರಲಿಲ್ಲ.”

“ನನಗೆ ಕೇಳಿಸಲಿಲ್ಲ ರೀ,” ಎಂದಳು. ಕಂಕುಳಿಗೆ ಕೈ ಕೊಟ್ಟು ಎತ್ತಿ ಕೂರಿಸಿದಳು.

ಪುಣ್ಯಕ್ಕೆ ಮೊಣಕೈ ತರಚಿದ್ದಷ್ಟೇ. ಸಂಜೆ ತಮ್ಮನನ್ನು ತರಾಟೆಗೆ ತೆಗೆದುಕೊಂಡಳು. ಪೆಟ್ಟಿಗೆಯ ಮೇಲೆ ಬರೆದ ದೂರ ಬಯಲಿನ ಲೆಕ್ಕ ಎಂದು ಅವನು ತಲೆ ಕೆರೆದುಕೊಂಡ. ಗುಂಡಿಯ ಶಕ್ತಿಯೇ ಅಷ್ಟು, ಗೋಡೆ ಅರ್ಧ ತಿಂದರೆ ಕಬ್ಬಿಣ ಉಳಿದದ್ದನ್ನೂ ನುಂಗುತ್ತದಂತೆ. ಹಾಗಾದರೆ ಜೋರಿನದು ತಾ ಎಂದಳು. ಮನೆಮಂದಿ ಬಳಸುವ ಇಂಥ ಸಾಮಾನಿಗೆ ಇಷ್ಟೇ ಜೋರು ಎಂದು ಕಾಯಿದೆಯಿದೆ, ಇಲ್ಲದಿದ್ದರೆ ಒಬ್ಬರ ಬೆಲ್ಲು ಇನ್ನೊಬ್ಬರ ಮನೆಯಲ್ಲಿ ಬಡಿದುಕೊಳ್ಳುತ್ತದೆ ಎಂದ.

ಮರುದಿನ ಮೆಷಿನ್ ಮುಚ್ಚಿಟ್ಟು, ಗಂಡನನ್ನು ಮೂಲೆಮೂಲೆಯಲ್ಲಿ ಕೂರಿಸಿ ಗುಂಡಿ ಒತ್ತಿಸಿದಳು. ತಾನು ಡಬ್ಬಿ ಹಿಡಿದು ಅಂಗಡಿಯೆಲ್ಲ ಸುತ್ತಿದಳು. ಅಂಗಡಿಯ ಬಾಗಿಲಲ್ಲಿ ಕೂಗಿದ್ದು ಮೆಷಿನ್ನಿನ ಹತ್ತಿರ ತಡವರಿಸುತ್ತಿತ್ತು. ಬೀರುವಿನ ಹಿಂದಿನಿಂದಂತೂ ಎಲ್ಲಿಯೂ ಇಲ್ಲ. ಅಂಗಡಿ ಮುಚ್ಚಿ ಮನೆಯಲ್ಲೇ ಹೊಲಿಯುತ್ತೇನೆ ಎಂದಾಗ ಆತ ಕೆಂಡವಾದ.

“ನನ್ನ ಕಾಲು ಹೋಗಿದೆ. ನಿನ್ನ ಕಾಲಿಗೂ... ಯಾಕೆ ಹಗ್ಗ ಹಾಕ್ಕೋತೀಯ?”

ಕೊನೆಗೆ ಬೀರು ಅಂಗಡಿಯ ದಿಕ್ಕಿಗೆ ಅಡ್ಡ ಬಾರದಂತೆ ಮೆಟ್ಟಿಲ ಕಡೆಯ ಗೋಡೆಗೆ ಹೋಯಿತು, ಮೆಷಿನ್ ಅಂಗಡಿಯ ಬಾಗಿಲಿಗೆ ಬಂತು. ಬಿಸಿಲು ಬೆನ್ನಿಗೆ ಬಡಿಯುತ್ತಿತ್ತು, ಧೂಳು ಬಟ್ಟೆಗೆ ಕೂರುತ್ತಿತ್ತು. ಸುಖವಾಗಿದ್ದರೆ ಆಗಾಗ ಒಂದೇ ಸಲ ಒತ್ತುವುದು, ಬೇಕಾದರೆ ಬಿಡದೆ ಒತ್ತುವುದು ಎಂದು ಇಬ್ಬರೂ ಮಾತಾಡಿಕೊಂಡರು. ಆ ಒಂದು ಕೂಗು ಕೇಳಿದರೆ ಅವಳ ಕಾಲು ಪೆಡಲಿನ ಮೇಲೆ ಮತ್ತೆ ಆಡುತ್ತಿತ್ತು. ಆದರೂ ಕೆಲವು ದಿನ, ಕೂಗು ಕಿವಿಯಲ್ಲಿರುವಾಗಲೇ ಎದ್ದು ಮೆಟ್ಟಿಲು ಹತ್ತಿ, ಮನೆ ಬಾಗಿಲಲ್ಲಿ ಇಣುಕಿ, ಆತ ಬೈಯುವ ಮೊದಲೇ ಇಳಿದು ಬರುತ್ತಿದ್ದಳು.