ಎತ್ತಿನ ಕಣ್ಣು ಒರೆಸಿದ ಬಟ್ಟೆ

“ಎತ್ತಿಗಿಂತ ಹೆಚ್ಚು ನೀನ ಹೊತ್ತೀಯಲ್ಲೋ! ಆ ಮೂರು ಕಾಲಿಂದು ಅತ್ತಾಗ ಇಡು, ಇದು ಬೆದರತೈತಿ,” ಎಂದಳು ಮಿಶ್ರಿಕೋಟಿಯ ನನ್ನ ದೊಡ್ಡವ್ವ, ನನ್ನ ಹೆಗಲ ಮೇಲಿನ ಕ್ಯಾಮೆರಾ ಚೀಲಗಳನ್ನು ನೋಡಿ. ಅವಳ ಮಗ ಟ್ರ್ಯಾಕ್ಟರ್ ತರುವವನಿದ್ದ. ಮರುದಿನ ಮಾರಾಟಕ್ಕೆ ಸಂತೆಗೆ ಹೋಗಲಿದ್ದ ಎತ್ತಿನ ಜೊತೆ ಅವಳಿಗೊಂದು ಫೋಟೋ ಬೇಕಿತ್ತು. ಆ ವರ್ಷ ಕ್ಯಾಮೆರಾಕ್ಕೆಂದು ನಾನು ಗತ್ತಿಗೆ ಕೊಂಡಿದ್ದ ಸಾಮಾನಿನಲ್ಲಿ ಟ್ರೈಪಾಡು ಮೂಲೆ ಸೇರಿತು. ಉದ್ದನೆಯ ಲೆನ್ಸಿಗೆ ಹಿತ್ತಲು ಸಾಲಲಿಲ್ಲ. ಫ್ಲ್ಯಾಶಿಗೆ ಎತ್ತು ಹಗ್ಗ ಜಗ್ಗಿತು. ಫಿಲ್ಮ್ ರೋಲಿನಲ್ಲಿ ಇನ್ನೊಂದೇ ಫೋಟೋಗೆ ಜಾಗ ಉಳಿಯಿತು.

“ತಡಿಯಲೇ, ಅತ್ತಂಗ ಕಾಣಬಾರದು,” ಎಂದವಳೇ ನನ್ನ ಲೆನ್ಸ್ ಒರೆಸುವ ಹಳದಿ ಬಟ್ಟೆ ಕಸಿದು ಎತ್ತಿನ ಕಣ್ಣು ಒರೆಸಿದಳು.

ಎತ್ತು ನಿಜವಾಗಿ ಅತ್ತಿತ್ತೋ, ನಾನೇ ಆಮೇಲೆ ಸೇರಿಸಿಕೊಂಡೆನೋ ಗೊತ್ತಿಲ್ಲ. ಫೋಟೋದಲ್ಲಿ ಅದರ ಕಣ್ಣು ಒಣಗಿದೆ, ಒದ್ದೆಯಾಗಿರುವುದು ದೊಡ್ಡವ್ವನದು. ಆ ವರ್ಷ ಕೊಂಡದ್ದರಲ್ಲಿ ಕೆಲಸಕ್ಕೆ ಬಂದದ್ದು ಆ ಬಟ್ಟೆಯೊಂದೇ.