ತಾವೂ ಎಣ್ಣೆಯಾಗಬೇಕು

ಕಿವಿ ಕೇಳದ ಮಕ್ಕಳ ಆ ಶಾಲೆಯ ಆಫೀಸಿನಲ್ಲಿ ಎಲ್ಲರೂ ಅವರನ್ನು ಒಕ್ಕಣೆ ಸಾರ್ ಎಂದೇ ಕರೆಯುತ್ತಿದ್ದರು. ದಾನಿ ಸಂಸ್ಥೆಗಳಿಗೆ ಅನುದಾನದ ಅರ್ಜಿ ಬರೆಯುವುದು ಅವರ ಕೆಲಸ. ಅರ್ಜಿ ಎಂದರೆ ಮಾತ್ರ ಮುಖ ಸಿಂಡರಿಸುತ್ತಿದ್ದರು, 'ನಿವೇದನೆ' ಎನ್ನಬೇಕು. ಬರೆಯಲು ಕೂರುವ ಮೊದಲು ಕನ್ನಡಕ ಒರೆಸಿ, ಕಿಟಕಿ ಮುಚ್ಚಿಸಿ, ಫ್ಯಾನ್ ನಿಲ್ಲಿಸಿ, ಇಡೀ ಆಫೀಸನ್ನು ಬೆವರಿಸುತ್ತಿದ್ದರು. ಹೆರಿಗೆ ಕೋಣೆಯ ಹೊರಗೂ ಜನ ಅಷ್ಟು ಉಸಿರು ಬಿಗಿಹಿಡಿದು ನಿಲ್ಲುವುದಿಲ್ಲ.

ಅಂಥವರ ಎದುರು ಮೇಜಿಗೆ ಹೊಸ ಹುಡುಗಿಯೊಬ್ಬಳು ಬಂದಳು, ಜೊತೆಗೆ ಅರ್ಜಿ ಬರೆಯುವ ಸಾಫ್ಟ್‌ವೇರೂ ಬಂತು. ಅದರಲ್ಲಿ ಅವಳು ಒಂದು ಟೆಂಪ್ಲೇಟ್ ಮಾಡಿಟ್ಟಳು. ಶಾಲೆಯ ಪರಿಚಯ, ಮಕ್ಕಳ ವಿವರ ಎಲ್ಲ ಅದರಲ್ಲಿ ಮೊದಲೇ ಸಿದ್ಧ. ಒಂದು ಪ್ರತಿ ತೆಗೆದು, ಯಾರಿಗೆ, ಯಾತಕ್ಕೆ ಎಂದು ತುಂಬಿದರೆ ಮುಗಿಯಿತು. ಟೀ ಆರುವಷ್ಟರಲ್ಲಿ ಅರ್ಜಿ ತಯಾರು.

"ಭೇಷ್!" ಎಂದರು ಹೆಡ್‌ಮಿಸ್. ಒಕ್ಕಣೆ ಸಾರ್‌ಗೆ ಅವರಿಂದ ಇಷ್ಟು ವರ್ಷ ಸಿಕ್ಕಿದ್ದು "ಇನ್ನೂ ಆಗಲಿಲ್ವಾ ಸಾರ್?" ಒಂದೇ. ಆ 'ಭೇಷ್' ಗಂಟಲಲ್ಲಿ ಸಿಕ್ಕಿದ ಮುಳ್ಳಿನಂತೆ ಮನೆಯವರೆಗೂ ಬಂತು.

"ಅವಳು ಬರೆಯೋದೇ ಇಲ್ಲ! ಬಿಂದಿಗೆಗೆ ನೀರು ತುಂಬಿದ ಹಾಗೆ ತುಂಬ್ತಾಳೆ" ಎಂದು ಊಟದ ತಟ್ಟೆಯ ಮುಂದೆ ಗುಡುಗಿದರು.

"ಬಿಂದಿಗೆ ತುಂಬಿದರೆ ಸಾಲದೇನ್ರೀ?" ಎಂದರು ಹೆಂಡತಿ. ಶತ್ರುಪಾಳಯ ಅಡುಗೆಮನೆಗೂ ಬಂದಿತ್ತು.

ಅಷ್ಟರಲ್ಲಿ ವರ್ಷದ ದೊಡ್ಡ ಅರ್ಜಿಯ ಸರದಿ ಬಂತು, ಮಕ್ಕಳ ಶ್ರವಣಯಂತ್ರಕ್ಕೆ. ಅದನ್ನೂ ಹುಡುಗಿಗೇ ಕೊಟ್ಟರು. ತಮ್ಮದೊಂದು ಸಾಲೂ ಇಲ್ಲದೆ ಆ ಅರ್ಜಿ ಹೊರಟುಬಿಟ್ಟರೆ ತಾವು ಆಫೀಸಿನಲ್ಲಿ ಇದ್ದೂ ಇಲ್ಲದಂತೆ ಎಂದು ಸಾರ್‌ಗೆ ಅನ್ನಿಸಿಬಿಟ್ಟಿತು. ಹುಡುಗಿ ಊಟಕ್ಕೆ ಎದ್ದ ಹೊತ್ತು ನೋಡಿ ಅವಳ ಕಂಪ್ಯೂಟರಿನ ಮುಂದೆ ಕೂತು, ಪರಿಚಯದ ಕೊನೆಗೆ ಟೈಪ್ ಮಾಡಿದರು: 'ಈ ಮೂಕ ತುಟಿಗಳ ಮೇಲೆ ನಗುವಿನ ಹಣತೆ ಹಚ್ಚುವ ಮಹಾಕೈಂಕರ್ಯದಲ್ಲಿ ತಾವೂ ಎಣ್ಣೆಯಾಗಬೇಕು.' ಸೇವ್ ಮಾಡಿ, ಬೆಕ್ಕಿನಂತೆ ತಮ್ಮ ಕುರ್ಚಿಗೆ ಮರಳಿದರು.

ಪಾಪ, ಅವರು ತೆರೆದಿದ್ದು ಅರ್ಜಿಯ ಪ್ರತಿಯನ್ನಲ್ಲ, ಮೂಲ ಟೆಂಪ್ಲೇಟನ್ನೇ. ಸಿದ್ಧವಿರುವ ಭಾಗವನ್ನು ಯಾರು ಮತ್ತೆ ಓದುತ್ತಾರೆ? ಅಲ್ಲಿಂದ ಮುಂದೆ ಹೋದ ಅರ್ಜಿಗಳಲ್ಲೆಲ್ಲ ಹಣತೆ ಉರಿಯಿತು.

ಒಂದು ದಿನ ಹೆಡ್‌ಮಿಸ್ ಇಬ್ಬರನ್ನೂ ಒಳಗೆ ಕರೆದರು. "ದಾನಿಗಳು ಫೋನ್ ಮಾಡಿದ್ರು. ಶೌಚಾಲಯದ ಪೈಪ್ ರಿಪೇರಿಗೆ ನಾವ್ಯಾಕೆ ಎಣ್ಣೆಯಾಗಬೇಕು ಅಂತ ಕೇಳಿ ಒಂದೇ ಸಮ ನಗ್ತಾರೆ!"

ಹುಡುಗಿ ಮೇಜಿನ ಮೇಲಿದ್ದ ಅರ್ಜಿಯ ಹಾಳೆ ನೋಡಿ ಬಿಳಿಚಿಕೊಂಡಳು. "ಟೆಂಪ್ಲೇಟ್ ನಂದು ಮೇಡಂ. ಎಲ್ಲೋ ನಾನೇ ಎಡವಿದೀನಿ."

ಸಾರ್ ಬಾಯಿ ಮುಚ್ಚಿಕೊಂಡಿದ್ದರೆ ಬಚಾವಾಗುತ್ತಿದ್ದರು. ಮುಚ್ಚಿಕೊಂಡೂ ಇದ್ದರು. ಅಷ್ಟರಲ್ಲಿ ಹೆಡ್‌ಮಿಸ್, "ಹೋಗಲಿ ಬಿಡು. ಆದರೂ ಸಾಲು ಸೊಗಸಾಗಿದೆ. ನೀನು ಇಷ್ಟು ಚೆನ್ನಾಗಿ ಬರೀತೀಯ ಅಂತ ಗೊತ್ತೇ ಇರಲಿಲ್ಲ" ಎಂದುಬಿಟ್ಟರು.

"ಅದು ನನ್ನ ಸಾಲು!" ಸಾರ್ ಕುರ್ಚಿಯಿಂದ ಎದ್ದೇಬಿಟ್ಟಿದ್ದರು. "ಅವಳು ಊಟಕ್ಕೆ ಹೋದಾಗ ನಾನೇ ಬರೆದದ್ದು! ಹಣತೆ ನಂದು, ಎಣ್ಣೆ ನಂದು, ಎಲ್ಲಾ ನಂದು!"

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಕೋಪಕ್ಕೋ ನಗುವಿಗೋ, ಹೇಳುವುದು ಕಷ್ಟ.

"ಸರಿ ಸಾರ್," ಎಂದರು ಹೆಡ್‌ಮಿಸ್. "ಶ್ರವಣಯಂತ್ರದ ಅರ್ಜಿ ಇನ್ನೂ ಹೋಗಿಲ್ಲ, ಅದನ್ನು ಅವಳೇ ನೋಡ್ಕೊಳ್ಳಲಿ. ಆ ಪೈಪಿನ ದಾನಿಗಳಿಗೆ ಒಂದು ಕ್ಷಮಾಪಣೆ ಹೋಗಬೇಕು, ಅದನ್ನು ನೀವು ಬರೀರಿ. ಟೆಂಪ್ಲೇಟ್ ಬೇಡ."

ಒಕ್ಕಣೆ ಸಾರ್ ಜೇಬಿನಿಂದ ಪೆನ್ನು ತೆಗೆದರು. "ಎಷ್ಟು ಪುಟ ಇರಲಿ, ಮೇಡಂ?"