ದೇವಿ ಸೀಟಿನ ಕೆಳಗಿನ ಪೈಪು

ಅಥಣಿಯಿಂದ ತೆಲಸಂಗದ ರಸ್ತೆ ಹಿಡಿಯುವಲ್ಲಿ ಮಲಂಗಸಾಬನ ತಗಡಿನ ಅಂಗಡಿ ಇತ್ತು. ಬೋರ್ಡು ಇರಲಿಲ್ಲ. ಅವನ ಬೈಗುಳ ಬಸ್ ಸ್ಟ್ಯಾಂಡಿನವರೆಗೂ ಕೇಳುತ್ತಿದ್ದುದರಿಂದ ಬೋರ್ಡಿನ ಅಗತ್ಯವೂ ಬಿದ್ದಿರಲಿಲ್ಲ. ಸೈಲೆನ್ಸರ್ ಕಟ್ಟುವುದು, ಬೆಸೆಯುವುದು ಅವನ ಕಸುಬು. ಮಿರಜದ ಗ್ಯಾರೇಜೊಂದರಲ್ಲಿ ಹದಿನಾಲ್ಕು ವರ್ಷ ಗಾಡಿಗಳ ಹೊಟ್ಟೆಯಡಿ ಮಲಗಿ ಬಂದವನು. ಮರಾಠಿಯಲ್ಲಿ ಸಿಟ್ಟಾಗಿ, ಉರ್ದುವಿನಲ್ಲಿ ಬೈದು, ಕೊನೆಗೆ ಕನ್ನಡದಲ್ಲಿ ಸಮಾಧಾನ ಮಾಡುತ್ತಿದ್ದ. ತಪ್ಪು ಯಾರದೆಂದು ಮುಖದ ಮೇಲೆ ಹೇಳುವುದಕ್ಕೆ ಅವನಿಗೆ ಎಳ್ಳಷ್ಟೂ ದಾಕ್ಷಿಣ್ಯವಿರಲಿಲ್ಲ. ಒಮ್ಮೆ ಪೊಲೀಸ್ ಫೌಜದಾರರಿಗೇ, "ಮೋಟರ್‌ಸೈಕಲ್ ಛಲೋ ಐತ್ರಿ ಸಾಹೇಬ್ರ, ಹೊಡ್ಯಾಂವ ಅಷ್ಟಕ್ಕಷ್ಟ ಅದಾನ" ಎಂದುಬಿಟ್ಟಿದ್ದ.

ನಾನು ಕೊಕಟನೂರ ಶಾಲೆಯ ಮಾಸ್ತರ. ಮನೆ ಅಥಣಿಯಲ್ಲಿ. ದಿನವೂ ಮಾಳಸಿದ್ದನ ವಡಾಪದಲ್ಲಿ ಹೋಗಿ ಬರುತ್ತಿದ್ದೆ. ಸೀಟು ತುಂಬಿದ ಮೇಲೆ ಹೊರಡುವ ಬಾಡಿಗೆ ಜೀಪಿಗೆ ನಮ್ಮ ಕಡೆ ವಡಾಪ ಎನ್ನುತ್ತಾರೆ. ಸೀಟು ತುಂಬುವುದೆಂದರೆ ಒಂಬತ್ತು ಜನರ ಗಾಡಿಯಲ್ಲಿ ಹತ್ತೊಂಬತ್ತು ಜನ. ಮಿಲಿಟರಿಯವರು ಹರಾಜಿನಲ್ಲಿ ಮಾರಿದ ಮುದಿ ಪೆಟ್ರೋಲ್ ಜೀಪು ಅದು. ಹೊಲದ ದಾರಿಯಾಗಲಿ, ಹಳ್ಳವಾಗಲಿ, ಕಲ್ಲಾಗಲಿ, ಕೆಮ್ಮುತ್ತ ಹತ್ತುತ್ತಿತ್ತು. ಅದರ ಸೈಲೆನ್ಸರ್ ಪೈಪು ಹಿಂದೆ ಉದ್ದಕ್ಕೆ ಚಾಚಿಕೊಂಡಿತ್ತು. ಹತ್ತುವ ಹೆಂಗಸರ ಕಾಲು ಸುಡುತ್ತಿದ್ದುದರಿಂದ ಎಂಬತ್ತೈದರಲ್ಲಿ ಮಾಳಸಿದ್ದ ತಾನೇ ಗರಗಸ ಹಿಡಿದು ಅದನ್ನು ನಡುವಿಗೆ ಕತ್ತರಿಸಿದ. ಈಗ ಪೈಪಿನ ಬಾಯಿ ಹಿಂದಿನ ಎಡಗಡೆಯ ಸೀಟಿನ ಕೆಳಗೆ ಬಂತು. ನೆಲದ ತಗಡು ತುಕ್ಕು ಹಿಡಿದು ಜರಡಿಯಾಗಿತ್ತು. ಧೂಳು ಬರಬಾರದೆಂದು ಹಿಂದಿನ ತಾಡಪತ್ರಿಯ ಪರದೆ ಇಳಿಬಿಟ್ಟಿರುತ್ತಿದ್ದರು.

ಅಲ್ಲಿಂದ ಶುರುವಾಯಿತು ಮಹಿಮೆ. ಶುಕ್ರವಾರ ಕೊಕಟನೂರ ಯಲ್ಲಮ್ಮನಿಗೆ ಹೋಗುವ ಹೆಂಗಸರು ಆ ಸೀಟಿನಲ್ಲಿ ಕೂತರೆ ಅರ್ಧ ದಾರಿಗೆ ತೂಗತೊಡಗುತ್ತಿದ್ದರು. ಕಣ್ಣು ತೇಲುತ್ತಿದ್ದವು. ಕಾರಣವಿಲ್ಲದೆ ನಗು, ಹಿಂದೆಯೇ ಅಳು. "ತಾಯಿ ಮೈಯಾಗ ಬಂದಾಳ!" ಎಂದು ಉಳಿದವರು ಅರಿಶಿನದ ಭಂಡಾರ ಎರಚುತ್ತಿದ್ದರು. ಗುಡಿ ಮುಟ್ಟುವ ಮೊದಲೇ ದೇವಿ ಎದುರಿಗೆ ಬಂದು ಕರೆದೊಯ್ಯುತ್ತಾಳೆಂದು ಸುದ್ದಿ ಐನಾಪುರದವರೆಗೂ ಹೋಯಿತು. ಅದಕ್ಕೆ ದೇವಿ ಸೀಟು ಎಂದೇ ಹೆಸರಾಯಿತು. ಮಾಳಸಿದ್ದ ಆ ಸೀಟಿಗೆ ಹಳದಿ ಬಟ್ಟೆ ಹೊದಿಸಿದ.

ನಾನು ಯಾವಾಗಲೂ ಮುಂದೆ ಡ್ರೈವರನ ಪಕ್ಕ ಕೂರುವವನು, ಇದೆಲ್ಲ ನನಗೆ ತಮಾಷೆ. ಎಂಬತ್ತೇಳರ ಒಂದು ಶುಕ್ರವಾರ ಒಬ್ಬ ಮುದುಕನಿಗೆ ಜಾಗ ಬಿಟ್ಟು ಹಿಂದೆ ಹೋದೆ. ಖಾಲಿ ಇದ್ದದ್ದು ಅದೊಂದೇ ಸೀಟು. ಮುಂದಿನದನ್ನು ಬೇರೆಯವರಿಂದ ಕೇಳಿ ತಿಳಿದೆ. ಹದಿನೇಳರ ಮಗ್ಗಿಯನ್ನು ಭಜನೆಯ ಧಾಟಿಯಲ್ಲಿ ಹಾಡಿದೆನಂತೆ. ಪಕ್ಕದ ಕುಂಬಳಕಾಯಿಗೆ "ನೀ ಪಾಸಾದಿ ನೋಡಪಾ" ಎಂದು ಬೆನ್ನು ತಟ್ಟಿದೆನಂತೆ. ಇಳಿಯುವಾಗ ನಾಲ್ವರು ನನ್ನ ಕಾಲಿಗೆ ಬಿದ್ದರು. ಐದನೆಯವನು ನಮ್ಮ ಹೆಡ್ ಮಾಸ್ತರ. ಸಂಜೆಯವರೆಗೆ ತಲೆ ಸಿಡಿಯಿತು, ಎರಡು ಸಲ ವಾಂತಿಯಾಯಿತು.

ಮಲಂಗಸಾಬನಿಗೆ ಹೇಳಿದೆ. ಅವನು ನಗಲಿಲ್ಲ. ಸೀದಾ ಹೋಗಿ ಜೀಪಿನ ಕೆಳಗೆ ಅಂಗಾತ ಮಲಗಿದ. ಆಮೇಲೆ ಎದ್ದು, ಹೊಗೆ ಕಣ್ಣಿಗೆ ಕಾಣಲೆಂದು ಕಾರ್ಬುರೇಟರಿಗೆ ಒಂದಿಷ್ಟು ಎಂಜಿನ್ ಆಯಿಲ್ ಬಿಟ್ಟು, ಮಾಳಸಿದ್ದನಿಂದ ಗಾಡಿ ಚಾಲು ಮಾಡಿಸಿದ. ಬಿಳಿ ಹೊಗೆ ಪೈಪಿನಿಂದ ಹೊರಟು, ತಗಡಿನ ತೂತುಗಳಲ್ಲಿ ನುಸುಳಿ, ಹಳದಿ ಬಟ್ಟೆಯಡಿ ಸುತ್ತಿಕೊಂಡಿತು.

"ನೋಡಲೇ ನಿನ್ನ ದೇವಿ! ಈ ಹೊಗಿ ರಕ್ತದಾಗ ಹೊಕ್ಕತಿ. ಇವತ್ತ ತೂಗ್ತಾರ, ನಾಳೆ ಏಳೂದಿಲ್ಲ. ತಪ್ಪ ನಿಂದು, ಗರಗಸ ನಿಂದು."

ಮಾಳಸಿದ್ದನೂ ಬಿಡಲಿಲ್ಲ. "ಚಾಚಾ, ಹಂಗಾರ ಪೈಪ್ ಎಲ್ಲಿಗಿ ಒಯ್ಯೂದ ಹೇಳ್ರಿ. ಹಿಂದ ಒಯ್ದ್ರ ಹೆಣ್ಮಕ್ಕಳ ಕಾಲ ಸುಡತೈತಿ. ಕೆಳಗ ಬಿಟ್ರ ಕಲ್ಲಿಗಿ ಬಡೀತೈತಿ. ಬಲಕ್ಕ ಪೆಟ್ರೋಲ್ ಟಾಕಿ ಐತಿ. ಎಡಕ್ಕ ಬ್ರೇಕಿನ ನಳಿಗಿ."

ಮಲಂಗಸಾಬ ಮೈಯ ಧೂಳು ಕೊಡವಿಕೊಂಡ. ಜೀವನದಲ್ಲಿ ಮೊದಲ ಸಲ ಅವನು ಬೈಯದೆ ಎದ್ದುಹೋದದ್ದನ್ನು ನೋಡಿದೆ. ನಾಲ್ಕು ದಿನ ಅಂಗಡಿಯ ನೆಲದ ಮೇಲೆ ಸುಣ್ಣದಿಂದ ಪೈಪಿನ ದಾರಿ ಬರೆದ, ಕಾಲಿನಿಂದ ಅಳಿಸಿದ. ಹುಚ್ಚು ಬಿಡದ ಹೊರತು ಮದುವೆಯಿಲ್ಲ, ಮದುವೆಯಾಗದ ಹೊರತು ಹುಚ್ಚು ಬಿಡುವುದಿಲ್ಲ ಎಂಬಂತಾಗಿತ್ತು ಅವನ ಪಾಡು.

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಮಾಳಸಿದ್ದನ ಹೆಂಡತಿ ಕೆಂಚವ್ವ ಐದು ತಿಂಗಳ ಬಸುರಿ. ಹೋದ ವರ್ಷದ ಬಸಿರು ಆರನೇ ತಿಂಗಳಿಗೆ ನಿಂತಿರಲಿಲ್ಲ. ಈ ಸಲ ತವರಿನಲ್ಲಿದ್ದವಳು ಶುಕ್ರವಾರ ಬರುತ್ತಾಳೆ, ಮಗು ಉಳಿಯಲೆಂದು ಐದು ಶುಕ್ರವಾರ ದೇವಿ ಸೀಟಿನಲ್ಲೇ ಕೂತು ಹೋಗುತ್ತಾಳೆ ಎಂದು ಮಾಳಸಿದ್ದ ಹರಕೆ ಹೊತ್ತಿದ್ದ. ಕಣ್ಣಾರೆ ಕಂಡ ಹೊಗೆಗಿಂತ ಅವನಿಗೆ ದೇವಿಯ ಮೇಲೇ ನಂಬಿಕೆ. ಕೇಳಿದ್ದೇ ತಡ, ಮಲಂಗಸಾಬನ ಅಂಗಡಿಗೆ ಓಡಿ ಹೇಳಿದೆ.

ಶುಕ್ರವಾರ ಬೆಳಿಗ್ಗೆ ಸ್ಟ್ಯಾಂಡಿಗೆ ಹೋದರೆ ಮಲಂಗಸಾಬ ಆಗಲೇ ದೇವಿ ಸೀಟಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದ.

"ಚಾಚಾ, ಏಳ್ರಿ. ಅದು ಕೆಂಚಿ ಜಾಗಾ."

"ಏಳಂಗಿಲ್ಲ. ರೊಕ್ಕಾ ಕೊಟ್ಟೇನಿ."

"ನೀವು ಯಾಕ ಕೊಕಟನೂರಿಗಿ?"

"ಕುಂಬಳಕಾಯಿ ಸಾಲಿ ನೋಡಾಕ!"

ಜೀಪೆಲ್ಲ ನಕ್ಕಿತು. ಎಳೆದರೆ ತಗಡು ಕಿತ್ತು ಬಂದೀತೇ ಹೊರತು ಅವನು ಏಳುವಂತಿರಲಿಲ್ಲ. ಕೊನೆಗೆ ನಾನು ನನ್ನ ಮುಂದಿನ ಜಾಗವನ್ನು ಕೆಂಚವ್ವನಿಗೆ ಕೊಟ್ಟೆ. ಗಾಳಿ ಆಡುವ ಜಾಗ. ನಾನು ಹಿಂದೆ ಹೋಗಿ, ನಲವತ್ತು ವರ್ಷದಿಂದ ಒಂದೂ ಶುಕ್ರವಾರ ತಪ್ಪಿಸದ ದುಂಡವ್ವಾಯಿಯ ಪಕ್ಕ ಮುದುಡಿ ಕೂತು, ತಾಡಪತ್ರಿಯ ಸಂದಿಗೆ ಮೂಗು ಚಾಚಿದೆ.

ಅರ್ಧ ದಾರಿಗೆ ಮಲಂಗಸಾಬನ ಗಡ್ಡ ತೂಗತೊಡಗಿತು. ಮೊದಲು ಕಿಸಕ್ಕೆಂದ. ಆಮೇಲೆ ಮಿರಜದ ಯಾರದೋ ಹೆಸರು ಹಿಡಿದು ಮರಾಠಿಯಲ್ಲಿ ಹರಟಿದ. ಆಮೇಲೆ ಹಾಡು. ಎಪ್ಪತ್ತು ಕಿಲೋ ತೂಗುವ, ಸಿಟ್ಟಿನ ಗಂಡಸು ಎರಡೂ ಕೈ ಮೇಲೆತ್ತಿ ಹೆಂಗಸರ ಹಾಗೆ ಅಡ್ಡಡ್ಡ ಓಲಾಡುತ್ತಿದ್ದಾನೆ!

"ಸಾಬನ ಮೈಯಾಗ ಯಲ್ಲವ್ವ ಬಂದಾಳ!" ಎಂದು ಯಾರೋ ಚೀರಿದರು. ಯಾರಿಗೂ ಅದು ವಿಚಿತ್ರ ಎನಿಸಲಿಲ್ಲ. ತಾಯಿಗೆ ಎಲ್ಲರೂ ಮಕ್ಕಳೇ. ಭಂಡಾರ ಎರಚಿದರು, ಗಡ್ಡ ಹಳದಿಯಾಯಿತು. ಮಾಳಸಿದ್ದ ಬ್ರೇಕ್ ಒತ್ತಿ ಓಡಿಬಂದು ತಾಡಪತ್ರಿ ಎತ್ತಿ, ಕೈಮುಗಿದು ನಿಂತ.

"ತಾಯಿ, ಕೆಂಚಿ ಕೂಸು ಉಳೀತೈತೇನ?"

ಮಲಂಗಸಾಬ ಒಂದು ಕಣ್ಣು ತೆರೆದ. ಅವನ ದನಿ ಬಾವಿಯೊಳಗಿಂದ ಬಂದಂತಿತ್ತು.

"ಪೈಪ್... ಅಚ್ಚಿನ ಮ್ಯಾಲಿಂದ ಹಾರಸು. ಎಡ ಮೂಲಿಗಿ ಒಯ್ಯಿ. ಬಾಡಿ ದಾಟಿಸಿ ಹೊರಗ ಹೊಳ್ಳಸು. ಬ್ರೇಕಿನ ನಳಿಗಿಗಿ ತಗಡಿನ ಮರೆ ಮಾಡು. ಟೈರಿನ ಪಟ್ಟಿಲೆ ತೂಗಿಹಾಕು. ಬಾಯಿಗಿ ಜಾಳಗಿ ಕಟ್ಟು, ಕಾಲ ಸುಡೂದಿಲ್ಲ. ನೆಲದ ತೂತ ಮುಚ್ಚು... ಲೇ ಮಂಗ್ಯಾನ ಮಗನ!"

ಅಷ್ಟು ಹೇಳಿ ನನ್ನ ತೊಡೆಯ ಮೇಲೆ ಬಿದ್ದ. ನಾವು ಅವನನ್ನು ಗಾಳಿಗೆ ಎಳೆದು ಬೇವಿನ ಗಿಡದಡಿ ಮಲಗಿಸಿದೆವು. ಎದೆ ಏರಿಳಿಯುವುದು ಕಾಣುವವರೆಗೆ ನನಗೆ ಜೀವದಲ್ಲಿ ಜೀವವಿರಲಿಲ್ಲ.

ಮಾಳಸಿದ್ದ ತಬ್ಬಿಬ್ಬಾಗಿ ದುಂಡವ್ವಾಯಿಯ ಮುಖ ನೋಡಿದ. "ಆಯಿ, ದೇವಿ ಸೈಲೆನ್ಸರ್ ಮಾತ ಹೇಳ್ತಾಳೇನ?"

ಮುದುಕಿ ಎಲೆಯಡಿಕೆ ಉಗುಳಿದಳು. "ನಲವತ್ತ ವರ್ಷ ಆಕಿ ನನ್ನ ಮೈಯಾಗ ಬಂದಾಳ, ಒಂದ ದಿನಾನೂ ತಲಿ ನೋಯಿಸಿಲ್ಲ. ನಿನ್ನ ಗಾಡ್ಯಾಗ ಬರಾಕಿ ಯಾರೋ ಬ್ಯಾರೇನ ಅದಾಳ. ಆದ್ರ ಇವತ್ತಿನ ಮಾತ ಮಾತ್ರ ನಮ್ಮ ತಾಯೀದ. ಸುಮ್ನ ಮಾಡ."

ಶನಿವಾರ ಇಡೀ ದಿನ ಕೆಲಸ ನಡೆಯಿತು. ದೇವಿ ಹೇಳಿದ ಪ್ರಕಾರವೇ ಪೈಪು ಅಚ್ಚು ಹಾರಿ, ಎಡ ಮೂಲೆ ದಾಟಿ, ಹೊರಕ್ಕೆ ಹೊರಳಿತು. ಕಲ್ಲಿಗೂ ಬಡಿಯಲಿಲ್ಲ, ಕಾಲನ್ನೂ ಸುಡಲಿಲ್ಲ. ಮತ್ತೆ ಬಿಳಿ ಹೊಗೆ ಬಿಟ್ಟು ನೋಡಿದೆವು. ಒಂದೆಳೆಯೂ ಒಳಗೆ ಬರಲಿಲ್ಲ. "ನಾಟಕ ಛಲೋ ಮಾಡಿದ್ರಿ" ಎಂದೆ ನಾನು. ಮಲಂಗಸಾಬ ಸ್ಪ್ಯಾನರ್ ಕೆಳಗಿಟ್ಟು ನನ್ನನ್ನೇ ನೋಡಿದ. "ಮಾಸ್ತರ, ಖುದಾ ಕಸಮ್, ಈ ದಾರಿ ನನಗ ಗುರುವಾರತನಾ ಹೊಳದಿದ್ದಿಲ್ರಿ. ಆ ಸೀಟಿನ್ಯಾಗ ಏನ ಹೇಳೀನಿ ಅದೂ ನೆನಪಿಲ್ಲ. ನೀವು ಹೇಳಿದಿರಿ, ನಾ ಮಾಡಿದ್ನಿ." ನಾನು ಸ್ಪ್ಯಾನರ್ ಎತ್ತಿ ಅವನ ಕೈಗೆ ಕೊಟ್ಟೆ.

ಆಮೇಲೆ ಆ ಜೀಪಿನಲ್ಲಿ ಯಾರ ಮೈಮೇಲೂ ದೇವಿ ಬರಲಿಲ್ಲ. ಮೊದಲ ತಿಂಗಳು ಸೀಟು ತುಂಬಲಿಲ್ಲ, ಆಮೇಲೆ ತುಂಬಿದವು. ಕೆಂಚವ್ವ ಐದೂ ಶುಕ್ರವಾರ ತಾಡಪತ್ರಿ ಮೇಲೆತ್ತಿದ ಜೀಪಿನಲ್ಲಿ ಹೋಗಿ ಬಂದಳು. ದಿನ ತುಂಬಿದಾಗ ಅದೇ ಜೀಪಿನಲ್ಲಿ ಅಥಣಿಯ ದವಾಖಾನೆಗೆ ಬಂದಳು. ಹೆಣ್ಣು ಮಗು. ಅದರ ಅಳು ಹೊರಗಿನ ಅಂಗಳಕ್ಕೆ ಕೇಳಿತು. ನಾವು ಮೂವರೂ ಹುಚ್ಚರಂತೆ ನಕ್ಕೆವು, ಮಲಂಗಸಾಬ ನನ್ನ ಟೊಪ್ಪಿಗೆ ಕಿತ್ತು ಗಾಳಿಗೆ ತೂರಿದ.

ನಗುತ್ತಿದ್ದ ಮಾಳಸಿದ್ದ ಥಟ್ಟನೆ ನಿಂತ. ಅವನ ಮುಖ ಕಪ್ಪಿಟ್ಟಿತು.

"ಚಾಚಾ. ಹ್ವಾದ ವರ್ಷ ಕೆಂಚಿ ವಾರ ವಾರಾ ಆ ಸೀಟಿನ್ಯಾಗ ಕೂತ ಹೋಗ್ತಿದ್ಲು. ನಾನ ಕುಂದರಸ್ತಿದ್ದೆ. ಆ ಕೂಸು... ಪೈಪಿಂದನ ಹೋತೇನ್ರಿ?"

ಮಲಂಗಸಾಬ ನನ್ನ ಟೊಪ್ಪಿಗೆ ಎತ್ತಿ, ಧೂಳು ಝಾಡಿಸಿ, ನನ್ನ ಕೈಗಿಟ್ಟ.

"ಇಲ್ಲಪಾ" ಎಂದ ಅವನು. "ಅದು ಬ್ಯಾರೆ. ನಿನ್ನ ತಪ್ಪಲ್ಲ."

ಅವನು ಗಾಡಿಯ ವಿಷಯದಲ್ಲಿ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಹೇಳಿದವನೇ ಮಾಳಸಿದ್ದನ ಹೆಗಲು ಹಿಡಿದು, ಮಗುವನ್ನು ನೋಡಲು ಒಳಗೆ ಕರೆದುಕೊಂಡು ಹೋದ.